ನಮ್ಮ ಗುಂಪಿಗೆ ಹೆಸರು ಬೇಕು, ‘ಲಿಬರಲ್’ ಅಂತ ಹಾಕಬೇಕಾ?

ಹನ್ನೊಂದನೇ ಗಂಟೆ:

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ನಾವು ಐದು ಜನ ಪ್ರತಿ ಭಾನುವಾರ ರಾತ್ರಿ ವೀಡಿಯೊ ಕರೆಯಲ್ಲಿ ಸೇರಿ, ಸುವಾರ್ತೆಯ ಒಂದು ಭಾಗ ಓದಿ ಮಾತಾಡುತ್ತಿದ್ದೆವು. ಒಬ್ಬರು ಇನ್ನೊಬ್ಬರನ್ನು ಕರೆತಂದು ಈಗ ಇಪ್ಪತ್ತಮೂರು ಜನ ಆಗಿದ್ದೇವೆ. ಇಷ್ಟು ದಿನ ಹೆಸರೇ ಬೇಕಾಗಿರಲಿಲ್ಲ, ‘ಭಾನುವಾರದ ಕರೆ’ ಅಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಈಗ ಗೊತ್ತಿಲ್ಲದವರೂ ಹುಡುಕಿಕೊಂಡು ಬರುವ ಹಾಗೆ ಮಾಡೋಣ ಅಂತ ತೀರ್ಮಾನ ಮಾಡಿದ್ದೇವೆ. ಹೆಸರಿಡಲು ಕೂತು ಮೂರು ವಾರ ಆಯಿತು, ಇನ್ನೂ ಒಮ್ಮತ ಬಂದಿಲ್ಲ.

ನಾವು ಯಾರು ಅಂತ ಹೇಳಿದರೆ ನಿಮಗೆ ಸುಲಭ ಆಗಬಹುದು. ಬೈಬಲ್ ಮೇಲೆ ನಮಗೆ ಪ್ರೀತಿ ಇದೆ, ಆದರೆ ಅದರ ಪ್ರತಿ ಸಾಲನ್ನೂ ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ಪ್ರಶ್ನೆ ಕೇಳಿದ್ದಕ್ಕೆ ಸಭೆಯಿಂದ ದೂರ ಆದವರು ನಮ್ಮಲ್ಲಿದ್ದಾರೆ. ವಿಚ್ಛೇದನ ಆದ ಮೇಲೆ ಯಾರೂ ಮಾತಾಡಿಸದೇ ಹೋದವರಿದ್ದಾರೆ. ಸಲಿಂಗಿಗಳಿದ್ದಾರೆ. ದೇವರು ಇದ್ದಾನಾ ಇಲ್ಲವಾ ಅಂತ ಇನ್ನೂ ಗೊತ್ತಾಗದೆ, ಆದರೂ ಯೇಸುವಿನ ಮಾತು ಬಿಡಲಾಗದೆ ಬರುವವರಿದ್ದಾರೆ. ಹಾಗೆಯೇ ಪ್ರತಿ ಭಾನುವಾರ ಬೆಳಿಗ್ಗೆ ತಮ್ಮ ಹಳೆಯ ಸಭೆಗೆ ತಪ್ಪದೆ ಹೋಗಿ, ರಾತ್ರಿ ನಮ್ಮ ಜೊತೆ ಕೂರುವವರೂ ಇದ್ದಾರೆ. ಅವರಿಗೆ ತಮ್ಮ ಸಭೆ ಬಿಡುವ ಮನಸ್ಸಿಲ್ಲ, ಬಿಡಿ ಅಂತ ನಾವು ಹೇಳುವುದೂ ಇಲ್ಲ.

ಇಲ್ಲಿವರೆಗೆ ಬಂದ ಹೆಸರುಗಳು: ಉದಾರ ಕ್ರೈಸ್ತರ ಬಳಗ, ಪ್ರಗತಿಪರ ಕ್ರೈಸ್ತ ವೇದಿಕೆ, ತೆರೆದ ಬಾಗಿಲು, ಹೊಸ ಬೆಳಕು, ಎಮ್ಮಾಹು ದಾರಿ. ಇವುಗಳಲ್ಲಿ ಯಾವುದೂ ನನಗೆ ಪೂರ್ತಿ ಒಪ್ಪಿಗೆ ಆಗಿಲ್ಲ. ಮನಸ್ಸಿಗೆ ಪೆಟ್ಟು ತಿಂದ ಒಬ್ಬರು ಒಂದು ರಾತ್ರಿ ಒಬ್ಬರೇ ಕೂತು ಹುಡುಕುವಾಗ ನಮ್ಮ ಹೆಸರು ಕಂಡರೆ, ‘ಇಲ್ಲಿ ನನಗೂ ಜಾಗ ಇರಬಹುದು’ ಅಂತ ಅವರಿಗೆ ಅನ್ನಿಸಬೇಕು. ಅಷ್ಟು ಕೆಲಸ ಹೆಸರು ಮಾಡಬೇಕು. ‘ಲಿಬರಲ್’ ಅನ್ನುವ ಪದ ನೇರವಾಗಿ ಹಾಕಿದರೆ ಒಳ್ಳೆಯದಾ? ಬೇರೆ ಏನಾದರೂ ಹೊಳೆದರೆ ತಿಳಿಸಿ.

ಎರಡನೇ ಮೈಲಿ:

‘ಲಿಬರಲ್’ ಬೇಡ ಅಂತ ನನ್ನ ಅಭಿಪ್ರಾಯ. ನಾನೂ ನಿಮ್ಮ ಹಾಗೇ ನಂಬುವವನು, ಆ ವಿಚಾರಗಳ ಬಗ್ಗೆ ನನಗೆ ನಾಚಿಕೆ ಇಲ್ಲ. ಪದದ ಕಥೆಯೇ ಬೇರೆ.

1799ರಲ್ಲಿ ಜರ್ಮನಿಯ ದೇವಶಾಸ್ತ್ರಜ್ಞ ಶ್ಲಯರ್‌ಮಾಕರ್ ಧರ್ಮವನ್ನು ತಾತ್ಸಾರ ಮಾಡುತ್ತಿದ್ದ ಓದಿದ ಜನರನ್ನು ಉದ್ದೇಶಿಸಿ ಬರೆದರು. ಧರ್ಮ ಅಂದರೆ ಮೊದಲಿಗೆ ನಿಯಮಗಳ ಪಟ್ಟಿ ಅಲ್ಲ, ಅನಂತವಾದದ್ದರ ಅನುಭವ ಅನ್ನುವುದು ಅವರ ಮಾತಾಗಿತ್ತು. ಲಿಬರಲ್ ದೇವಶಾಸ್ತ್ರದ ತಂದೆ ಅಂತ ಅವರನ್ನು ಕರೆಯುತ್ತಾರೆ. ನೋಡಿ, ಅದು ಹೊರಗೆ ನಿಂತವರನ್ನು ಮಾತಿಗೆ ಕರೆಯುವ ಪ್ರಯತ್ನವಾಗಿತ್ತು. ಆಮೇಲೆ 1922ರಲ್ಲಿ ನ್ಯೂಯಾರ್ಕಿನಲ್ಲಿ ಹ್ಯಾರಿ ಎಮರ್ಸನ್ ಫಾಸ್ಡಿಕ್ ಅನ್ನುವ ಪಾದ್ರಿ ಒಂದು ಪ್ರಸಂಗ ಮಾಡಿ, ಲಿಬರಲ್ ಆದವರು, ಬೈಬಲನ್ನು ಅಕ್ಷರಶಃ ಹಿಡಿಯುವವರು, ಈ ಎರಡೂ ಬಗೆಯ ಕ್ರೈಸ್ತರಿಗೆ ಒಂದೇ ಸಭೆಯಲ್ಲಿ ಜಾಗ ಇರಲಿ ಅಂತ ಕೇಳಿಕೊಂಡರು. ಮರುವರ್ಷವೇ, 1923ರಲ್ಲಿ, ಪ್ರೆಸ್ಬಿಟೇರಿಯನ್ ಅನ್ನುವ ಪ್ರೊಟೆಸ್ಟೆಂಟ್ ಪಂಗಡದ ಪಂಡಿತ ಗ್ರೆಶಮ್ ಮೇಚನ್ ಲಿಬರಲ್ ನಂಬಿಕೆ ಕ್ರೈಸ್ತ ನಂಬಿಕೆಯೇ ಅಲ್ಲ, ಅದೊಂದು ಬೇರೆ ಧರ್ಮ ಅಂತ ವಾದಿಸಿ ಪುಸ್ತಕವನ್ನೇ ಬರೆದರು. ಆ ಜಗಳದಲ್ಲಿ ಪದ ಒಂದು ಬಣದ ಬಾವುಟ ಆಗಿಬಿಟ್ಟಿತು. ನೂರು ವರ್ಷ ಆದರೂ ಇಳಿದಿಲ್ಲ. ಈಗಂತೂ ಆ ಪದ ಕೇಳಿದ ತಕ್ಷಣ ಜನಕ್ಕೆ ನೆನಪಾಗುವುದು ರಾಜಕೀಯ, ಸುವಾರ್ತೆ ಅಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕು. ಉದಾರ ಅಂದರೆ ನಮಗೆ ಮೊದಲು ಹೊಳೆಯುವುದು ಕೊಡುಗೈ. ‘ಉದಾರ ಕ್ರೈಸ್ತರು’ ಅಂದರೆ ಧಾರಾಳವಾಗಿ ದಾನ ಮಾಡುವವರು ಅಂತ ಕೇಳಿಸುತ್ತದೆ. ‘ಪ್ರಗತಿಪರ’ ಇನ್ನೂ ಕಷ್ಟ, ಯಾಕೆಂದರೆ ನಾವು ಮುಂದೆ ಹೋದೆವು ಅಂದ ಕೂಡಲೇ ಯಾರೋ ಹಿಂದೆ ಉಳಿದರು ಅಂತಾಯಿತು. ಬೆಳಿಗ್ಗೆ ತಮ್ಮ ತಾಯಿಯ ಜೊತೆ ಹಳೆಯ ಸಭೆಗೆ ಹೋಗಿ ರಾತ್ರಿ ನಿಮ್ಮ ಜೊತೆ ಕೂರುವವರು ಇದ್ದಾರೆ ಅಂದಿರಲ್ಲ, ಅವರಿಗೆ ಈ ಹೆಸರು ‘ನಿನ್ನ ತಾಯಿ ಹಿಂದುಳಿದವಳು’ ಅಂತ ಹೇಳಿದ ಹಾಗೆ ಆಗುತ್ತದೆ. ಯಾರ ವಿರುದ್ಧವೂ ನಿಲ್ಲದ ಹೆಸರು ಹುಡುಕಿ.

‘ತೆರೆದ ಬಾಗಿಲು’ ಚೆನ್ನಾಗಿದೆ, ಆದರೆ ‘ಓಪನ್ ಡೋರ್ಸ್’ ಅಂತ 1955ರಿಂದ ಒಂದು ದೊಡ್ಡ ಸಂಸ್ಥೆ ಇದೆ. ಹಿಂಸೆಗೆ ಒಳಗಾದ ಕ್ರೈಸ್ತರಿಗಾಗಿ ಕೆಲಸ ಮಾಡುತ್ತದೆ. ಹುಡುಕಿದವರಿಗೆ ಮೊದಲು ಅದೇ ಸಿಗುತ್ತದೆ, ಗೊಂದಲ ಆಗುತ್ತದೆ.

ಸಾಸಿವೆಕಾಳು:

ಒಂದು ಸಣ್ಣ ವಿಷಯ, ಆದರೆ ದಯವಿಟ್ಟು ಮರೆಯಬೇಡಿ. ಹೆಸರು ಫೋನಿನ ಪರದೆ ಮೇಲೆ ಬರುತ್ತದೆ. ಊಟಕ್ಕೆ ಕೂತಾಗ, ಫೋನ್ ಮೇಜಿನ ಮೇಲಿದ್ದಾಗ, ಪಕ್ಕದಲ್ಲಿ ಅಪ್ಪನೋ ಅಣ್ಣನೋ ಇದ್ದಾಗ. ನಾನು ಹಿಂದೆ ಇಂಥದ್ದೇ ಒಂದು ಗುಂಪಿನಲ್ಲಿದ್ದೆ. ಅದರ ಹೆಸರಲ್ಲೇ ಎಲ್ಲ ಬಿಡಿಸಿ ಹೇಳಿತ್ತು. ಒಂದು ಸಂದೇಶ ಬಂತು, ಮನೆಯವರು ಓದಿದರು, ಆಮೇಲೆ ಎರಡು ತಿಂಗಳು ಮನೆಯಲ್ಲಿ ಸರಿಯಾಗಿ ಮಾತಿರಲಿಲ್ಲ. ನಾನು ಹೇಳಲು ಸಿದ್ಧ ಇಲ್ಲದ ಮಾತನ್ನು ಹೆಸರು ಹೇಳಿಬಿಟ್ಟಿತು.

ಎಲ್ಲವನ್ನೂ ಹೆಸರಿನಲ್ಲೇ ತುಂಬಬೇಡಿ. ಒಳಗೆ ಬಂದ ಮೇಲೆ ಓದಲಿ. 1968ರಲ್ಲಿ ಅಮೆರಿಕದ ಪಾದ್ರಿ ಟ್ರಾಯ್ ಪೆರಿ ತಮ್ಮ ಮನೆಯಲ್ಲೇ ಹನ್ನೆರಡು ಜನರ ಜೊತೆ ಸಲಿಂಗಿಗಳಿಗಾಗಿ ಆರಾಧನೆ ಶುರು ಮಾಡಿದಾಗ ಇಟ್ಟ ಹೆಸರು ‘ಮೆಟ್ರೊಪಾಲಿಟನ್ ಕಮ್ಯೂನಿಟಿ ಚರ್ಚ್’. ಆ ಹೆಸರು ನೋಡಿ ಯಾರಿಗೂ ಏನೂ ತಿಳಿಯುವುದಿಲ್ಲ. ಬೇಕಾದವರಿಗೆ ತಿಳಿಯಿತು, ಇವತ್ತು ಎಷ್ಟೋ ದೇಶಗಳಲ್ಲಿ ಅದರ ಸಭೆಗಳಿವೆ.

ತೋಮನ ಗೆಳತಿ:

ಮೇಲಿನವರ ಕಷ್ಟ ಅರ್ಥ ಆಗುತ್ತದೆ, ಆದರೂ ನನಗೆ ಒಂದು ಭಯ. ಎಲ್ಲರಿಗೂ ಹಿಡಿಸಲಿ ಅಂತ ಹೋಗಿ ಕೊನೆಗೆ ‘ಹೊಸ ಬೆಳಕು’ ಅಂತ ಇಟ್ಟರೆ ಅದು ಧ್ಯಾನ ಕೇಂದ್ರವೋ, ಕಣ್ಣಿನ ಆಸ್ಪತ್ರೆಯೋ ಗೊತ್ತಾಗುವುದಿಲ್ಲ. ನನಗೆ ‘ಕ್ರೈಸ್ತ’ ಅನ್ನುವ ಪದ ಬೇಕು. ನನ್ನನ್ನು ಹೊರಗೆ ಹಾಕಿದವರು ನೀನು ಕ್ರೈಸ್ತಳೇ ಅಲ್ಲ ಅಂದರು. ನಾವೂ ಆ ಪದವನ್ನು ಬಿಟ್ಟುಕೊಟ್ಟರೆ ಅವರು ಹೇಳಿದ್ದು ಸರಿ ಅಂತ ಒಪ್ಪಿಕೊಂಡ ಹಾಗೆ ಅಲ್ವಾ?

ಆ ಪದವೂ ಯಾರೋ ಅಂಟಿಸಿದ್ದೇ. ಅಪೊಸ್ತಲರ ಕೃತ್ಯಗಳು 11:26 ನೋಡಿ, ಅಂತಿಯೋಕ್ಯದಲ್ಲಿ ಶಿಷ್ಯರಿಗೆ ಮೊದಲ ಸಲ ಆ ಹೆಸರು ಬಂತು. ಅವರಾಗಿ ಇಟ್ಟುಕೊಂಡರು ಅಂತ ಅಲ್ಲಿ ಇಲ್ಲ, ಊರಿನವರು ಕರೆದರು ಅನ್ನುವ ಹಾಗೇ ಇದೆ. ಇಡೀ ಹೊಸ ಒಡಂಬಡಿಕೆಯಲ್ಲಿ ಆ ಪದ ಬರುವುದು ಮೂರೇ ಸಲ. ಅದಕ್ಕೂ ಮೊದಲು ಅವರನ್ನು ‘ಈ ಮಾರ್ಗದವರು’ ಅನ್ನುತ್ತಿದ್ದರು. ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಗಡಕ್ಕೆ ಬಂದ ಕ್ವೇಕರ್ ಅನ್ನುವ ಹೆಸರೂ ಹಾಗೇ, ನಡುಗುವವರು ಅಂತ ಅಣಕಿಸಿ ಕರೆದದ್ದು. ಆದರೆ ಅವರು ತಮ್ಮನ್ನು ಕರೆದುಕೊಂಡದ್ದು ‘ಗೆಳೆಯರು’ ಅಂತ. ಯೋಹಾನ 15ರಲ್ಲಿ ಯೇಸು ಇನ್ನು ನಿಮ್ಮನ್ನು ಆಳುಗಳು ಅನ್ನುವುದಿಲ್ಲ, ಗೆಳೆಯರು ಅನ್ನುತ್ತೇನೆ ಅಂತಾನಲ್ಲ, ಅಲ್ಲಿಂದ. ಸುಮಾರು 370 ವರ್ಷ ಆದರೂ ಆ ಹೆಸರು ಹಳತಾಗಿಲ್ಲ ಅನ್ನಿಸುತ್ತದೆ ನನಗೆ.

ಇನ್ನೊಂದು ಮಾತು. ‘ಸಹೋದರ’ ಬರುವ ಯಾವ ಹೆಸರೂ ಬೇಡ, ಅರ್ಧ ಜನ ಅಲ್ಲೇ ಹೊರಗೆ ಉಳಿಯುತ್ತೇವೆ. ‘ಕುಟುಂಬ’ ಕೂಡ ಬೇಡ. ಕುಟುಂಬದಿಂದಲೇ ಪೆಟ್ಟು ತಿಂದು ಬಂದವರಿಗೆ ಅದು ಹಿತವಾದ ಮಾತಲ್ಲ.

ಮಾರ್ಥಾ:

ನಾನು ಹೆಸರು ಸೂಚಿಸಲು ಬಂದಿಲ್ಲ. ‘ಎಲ್ಲರಿಗೂ ಸ್ವಾಗತ’ ಅನ್ನುವ ಮಾತಿನ ಬಗ್ಗೆ ಹೇಳಬೇಕು.

ನನ್ನ ಮಗ ಸಲಿಂಗಿ. ಅವನು ನಮಗೆ ಹೇಳಿದ ಮೇಲೆ ನಮ್ಮ ಹಳೆಯ ಸಭೆಯಲ್ಲಿ ಕೂರುವುದು ಕಷ್ಟ ಆಯಿತು, ಇನ್ನೊಂದು ಸಭೆ ಹುಡುಕಿದೆವು. ಬಾಗಿಲಲ್ಲೇ ದೊಡ್ಡ ಅಕ್ಷರದಲ್ಲಿ ಎಲ್ಲರಿಗೂ ಸ್ವಾಗತ ಅಂತ ಬರೆದಿತ್ತು. ತುಂಬ ಪ್ರೀತಿಯಿಂದ ಮಾತಾಡಿಸಿದರು, ಅದು ಸುಳ್ಳಲ್ಲ. ಮಗ ಚೆನ್ನಾಗಿ ಹಾಡುತ್ತಾನೆ, ಗಾಯನ ತಂಡಕ್ಕೆ ಸೇರಿದ. ಏಳು ತಿಂಗಳು ಹಾಡಿದ. ಆಮೇಲೆ ಒಂದು ದಿನ ಕರೆದು, ನೀನು ಬಂದು ಕೂರಬಹುದು, ಆದರೆ ಮುಂದೆ ನಿಂತು ಹಾಡುವ ಹಾಗಿಲ್ಲ ಅಂದರು. ಮೊದಲ ದಿನವೇ ಹೇಳಿದ್ದರೆ ನಾವು ಸುಮ್ನೆ ವಾಪಸ್ ಬರುತ್ತಿದ್ದೆವು. ಏಳು ತಿಂಗಳು ಅವನು ತನ್ನ ಜಾಗ ಸಿಕ್ಕಿತು ಅಂದುಕೊಂಡಿದ್ದ. ಅವನು ಈಗ ಹಾಡುವುದಿಲ್ಲ. ಮನೆಯಲ್ಲೂ ಇಲ್ಲ.

ಅದಕ್ಕೇ ಹೇಳುತ್ತೇನೆ, ಹೆಸರು ಎಷ್ಟು ಸೌಮ್ಯವಾಗಿ ಬೇಕಾದರೂ ಇರಲಿ, ಅದರ ಕೆಳಗೆ ಒಂದು ಸಾಲು ಕಡ್ಡಿ ಮುರಿದ ಹಾಗೆ ಇರಬೇಕು. ಯಾರು ಬರಬಹುದು ಅಂತ ಮಾತ್ರ ಅಲ್ಲ, ಬಂದವರು ಏನೇನು ಮಾಡಬಹುದು ಅಂತ. ಓದಬಹುದಾ, ಪ್ರಾರ್ಥನೆ ನಡೆಸಬಹುದಾ, ಗುಂಪು ನಡೆಸುವವರಲ್ಲಿ ಒಬ್ಬರಾಗಬಹುದಾ. ಅಮೆರಿಕದ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಅನ್ನುವ ಪಂಗಡ 1985ರಲ್ಲೇ ತನ್ನ ಸಭೆಗಳಿಗೆ ‘ತೆರೆದಿದ್ದೇವೆ, ಒಪ್ಪುತ್ತೇವೆ’ ಅಂತ ಬಹಿರಂಗವಾಗಿ ಹೇಳಿಕೊಳ್ಳಿ ಅಂದಿತು. ತೆರೆದಿರುವುದು ಬೇರೆ, ಒಪ್ಪುವುದು ಬೇರೆ ಅಂತ ಅವರಿಗೆ ಆಗಲೇ ಗೊತ್ತಿತ್ತು. 2017ರಲ್ಲಿ ಶುರುವಾದ ‘ಚರ್ಚ್ ಕ್ಲ್ಯಾರಿಟಿ’ ಅನ್ನುವ ಸಂಸ್ಥೆ ಸಭೆಗಳು ತಮ್ಮ ನಿಯಮಗಳನ್ನು ಎಷ್ಟು ಸ್ಪಷ್ಟವಾಗಿ ಬರೆದಿವೆ ಅಂತ ನೋಡುತ್ತದೆ. ನಿಯಮ ಏನೇ ಇರಲಿ, ಮೊದಲೇ ಹೇಳಿ ಅನ್ನುವುದು ಅವರ ಬೇಡಿಕೆ. ನನ್ನ ಬೇಡಿಕೆಯೂ ಅದೇ.

ಎರಡನೇ ಮೈಲಿ:

ಮಾರ್ಥಾ ಅವರೇ, ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ನೀವು ಹೇಳಿದ್ದು ಸರಿ. ಕೆಳಗಿನ ಸಾಲು ಮೊದಲು ಬರೆಯಿರಿ, ಹೆಸರು ಆಮೇಲೆ.

ಹಳೆಯ ಸಂಡೇಸ್ಕೂಲ್ ಟೀಚರ್:

ಎಲ್ಲರ ಮಾತೂ ಓದಿದೆ. ನನಗೆ ಅನ್ನಿಸಿದ್ದು ಇಷ್ಟು. ಉದಾರ, ಪ್ರಗತಿಪರ, ಮುಕ್ತ, ಎಲ್ಲ ನಾವು ಎಂಥವರು ಅಂತ ಹೇಳುವ ಪದಗಳು. ನಮ್ಮನ್ನು ನಾವೇ ಹೊಗಳಿಕೊಂಡ ಹಾಗೂ ಕೇಳಿಸುತ್ತವೆ. ಬರುವವರಿಗೆ ನಾವು ಎಂಥವರು ಅನ್ನುವುದಕ್ಕಿಂತ ತಾನು ಎಲ್ಲಿ ಕೂರಬಹುದು ಅನ್ನುವುದು ಮುಖ್ಯ. ಹಾಗಾಗಿ ಒಂದು ಜಾಗದ ಹೆಸರು ಇಡಿ.

ಎಮ್ಮಾಹು ಒಳ್ಳೆಯ ಯೋಚನೆ. ಲೂಕ 24ರಲ್ಲಿ ಆಸೆ ಮುರಿದು ಎಮ್ಮಾಹು ಅನ್ನುವ ಊರಿಗೆ ಹೊರಟ ಇಬ್ಬರ ಜೊತೆ ಯೇಸು ಗುರುತು ಹೇಳದೆ ನಡೆಯುತ್ತಾನೆ, ಊರು ಬಂದಾಗ ಮುಂದೆ ಹೋಗುವವನ ಹಾಗೆ ಮಾಡುತ್ತಾನೆ, ಅವರು ಕರೆದ ಮೇಲೆಯೇ ಒಳಗೆ ಬರುತ್ತಾನೆ. ನನಗೆ ಅತ್ಯಂತ ಇಷ್ಟದ ಕಥೆ. ಆದರೆ ಆ ಹೆಸರಿನ ಸಂಸ್ಥೆಗಳು ಲೆಕ್ಕ ಇಲ್ಲದಷ್ಟಿವೆ, ಫ್ರಾನ್ಸಿನಲ್ಲಿ 1949ರಲ್ಲಿ ಮನೆಯಿಲ್ಲದವರಿಗಾಗಿ ಶುರುವಾದ ದೊಡ್ಡ ಚಳವಳಿಯ ಹೆಸರೂ ಎಮ್ಮಾಹುವೇ. ಅಲ್ಲದೆ ಬೈಬಲ್ ಓದದೆ ಬೆಳೆದವರಿಗೆ ಆ ಪದ ಏನನ್ನೂ ಹೇಳುವುದಿಲ್ಲ. ಅವರೂ ಬರಲಿ ಅಂತ ತಾನೇ ನಿಮ್ಮ ಆಸೆ.

ನನ್ನ ಸಲಹೆ ‘ಬಾವಿಕಟ್ಟೆ’. ಒಂದೇ ಪದ, ಕನ್ನಡದ ಪದ, ಮಗುವಿಗೂ ಅರ್ಥ ಆಗುತ್ತದೆ. ಫೋನಿನಲ್ಲಿ ಕಂಡರೆ ಯಾರಿಗೂ ಅನುಮಾನ ಬರುವುದಿಲ್ಲ. ಬೈಬಲ್ ಗೊತ್ತಿದ್ದವರಿಗೆ ಮಾತ್ರ ಯೋಹಾನ 4 ನೆನಪಾಗುತ್ತದೆ. ನಡುಮಧ್ಯಾಹ್ನ. ಯೇಸು ದಣಿದು ಯಾಕೋಬನ ಬಾವಿಯ ಹತ್ತಿರ ಒಬ್ಬನೇ ಕೂತಿದ್ದಾನೆ. ಸಮಾರ್ಯದ ಹೆಂಗಸು ನೀರಿಗೆ ಬರುತ್ತಾಳೆ. ಅವನೇ ಅವಳನ್ನು ನೀರು ಕೇಳುತ್ತಾನೆ. ಯೆಹೂದ್ಯನಾದ ನೀನು ಸಮಾರ್ಯದವಳನ್ನು ಕೇಳುವುದು ಹೇಗೆ ಅಂತ ಅವಳು ಪ್ರಶ್ನೆ ಹಾಕುತ್ತಾಳೆ. ಅಲ್ಲಿಂದ ಉದ್ದಕ್ಕೂ ಪ್ರಶ್ನೆಗಳೇ. ಬಾವಿ ಆಳ ಇದೆ, ಸೇದಲು ನಿನ್ನ ಹತ್ತಿರ ಏನೂ ಇಲ್ಲವಲ್ಲ ಅನ್ನುತ್ತಾಳೆ. ಆರಾಧನೆ ಈ ಬೆಟ್ಟದಲ್ಲಿ ಮಾಡಬೇಕಾ, ಯೆರೂಸಲೇಮಿನಲ್ಲಾ ಅನ್ನುತ್ತಾಳೆ. ಅವಳ ಒಂದು ಪ್ರಶ್ನೆಗೂ ಅವನು ಬಾಯಿ ಮುಚ್ಚು ಅನ್ನಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಇದನ್ನು ಪಾಠ ಮಾಡಿದ್ದೇನೆ, ಪ್ರತಿ ಸಲವೂ ಅವಳ ಧೈರ್ಯ ನೋಡಿ ಕಣ್ಣು ತುಂಬುತ್ತದೆ.

‘ಜಗಲಿ’ ಅಂತಲೂ ಯೋಚಿಸಿದೆ. ಒಳಗೂ ಅಲ್ಲ, ಹೊರಗೂ ಅಲ್ಲ, ಚಪ್ಪಲಿ ಬಿಡದೆಯೂ ಕೂರಬಹುದು. ಮೊದಲ ಶಿಷ್ಯರೂ ಯೆರೂಸಲೇಮ್ ದೇವಾಲಯದ ಸೊಲೊಮೋನನ ಮಂಟಪದಲ್ಲಿ ಸೇರುತ್ತಿದ್ದರು, ಅಪೊಸ್ತಲರ ಕೃತ್ಯಗಳು 5:12 ನೋಡಿ. ಆದರೆ ಅದೇ ಜಾಗದಲ್ಲಿ ಉಳಿದವರು ಅವರ ಜೊತೆ ಸೇರಲು ಹೆದರಿದರು ಅಂತ ಮುಂದಿನ ವಚನವೇ ಹೇಳುತ್ತದೆ, ಹಾಗಾಗಿ ಬಿಟ್ಟೆ.

ನಡುಹಗಲು:

ಟೀಚರ್, ನಿಮ್ಮ ಮಾತು ತುಂಬ ಹಿಡಿಸಿತು. ಆದರೂ ಹೇಳದೆ ಇರಲಾರೆ. ಬಾವಿ ಅಂದರೆ ಎಲ್ಲರಿಗೂ ನೀರು ಕುಡಿದ ನೆನಪಲ್ಲ. ದೂರ ನಿಂತು, ಯಾರಾದರೂ ಮೇಲಿಂದ ಹೊಯ್ಯಲಿ ಅಂತ ಕಾದವರ ಮೊಮ್ಮಕ್ಕಳು ನಾವು. ಕಟ್ಟೆ ಹತ್ತುವ ಹಾಗಿರಲಿಲ್ಲ. ಆ ಹೆಸರು ನೋಡಿದ ತಕ್ಷಣ ನನ್ನ ಎದೆ ಒಂದು ಕ್ಷಣ ಬಿಗಿಯಾಯಿತು.

ಆಮೇಲೆ ಯೋಹಾನ 4 ಮತ್ತೆ ತೆಗೆದು ಓದಿದೆ. ಅಲ್ಲಿಯೂ ಅದೇ ಇದೆ ಅಲ್ವಾ. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಕೊಡ ಅವಳದು. ಸೇದುವ ಸಾಮಾನು ಅವಳದು. ಅವನ ಕೈಯಲ್ಲಿ ಏನೂ ಇಲ್ಲ, ಕೇಳಬೇಕಾದವನು ಅವನೇ. ದೂರ ನಿಲ್ಲಿಸಿದ್ದವರ ಕೈನೀರನ್ನು ದೇವರು ಬಾಯಿಬಿಟ್ಟು ಕೇಳಿದ ಕಥೆ ಇದು. ಹಾಗೆ ನೋಡಿದರೆ ಈ ಹೆಸರು ನನ್ನದು ಅನ್ನಿಸುತ್ತದೆ. ಆದರೆ ಹಾಗೆ ಹೇಳುವ ಹಕ್ಕು ನಮ್ಮಂಥವರದು. ನಿಮ್ಮ ಇಪ್ಪತ್ತಮೂರು ಜನರಲ್ಲಿ ನಮ್ಮವರು ಇದ್ದರೆ ಮೊದಲು ಅವರನ್ನು ಕೇಳಿ. ಅವರು ಬೇಡ ಅಂದರೆ ಎಷ್ಟೇ ಚೆಂದ ಇದ್ದರೂ ಬಿಡಿ.

ಕೆಳಗಿನ ಸಾಲಿನಲ್ಲಿ ‘ಸ್ವಾಗತ’ ಅನ್ನುವ ಪದವನ್ನೂ ಇನ್ನೊಮ್ಮೆ ಯೋಚಿಸಿ. ಸ್ವಾಗತ ಮಾಡುವವನು ಮನೆಯ ಯಜಮಾನ, ಬಂದವನು ಅತಿಥಿ. ಅತಿಥಿ ಎಷ್ಟು ದಿನ ಆದರೂ ಅತಿಥಿಯೇ. ಬಾವಿಯ ಹತ್ತಿರ ಯೇಸು ಅತಿಥಿ, ಊರು ಅವಳದು.

ಹನ್ನೊಂದನೇ ಗಂಟೆ:

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿಯ ಕರೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ನಡುಹಗಲು ಅವರ ಮಾತು ಓದಿದ ಮೇಲೆ ನಮ್ಮಲ್ಲಿ ಒಬ್ಬರು, ಇಷ್ಟು ತಿಂಗಳಲ್ಲಿ ಹೆಚ್ಚು ಮಾತಾಡದವರು, ತಮ್ಮ ಅಜ್ಜಿಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರದು. ಕೊನೆಗೆ ಅವರೇ ಬಾವಿಕಟ್ಟೆ ಇರಲಿ ಅಂದರು. ಇನ್ನಿಬ್ಬರನ್ನು ಬೇರೆಯಾಗಿ ಕೇಳಿದೆ, ಅವರೂ ಒಪ್ಪಿದರು. ಎಲ್ಲರ ಮುಂದೆ ಕೇಳಿದರೆ ಬೇಡ ಅನ್ನುವುದು ಕಷ್ಟ ಅಂತ ಹಾಗೆ ಮಾಡಿದೆ.

‘ಕ್ರೈಸ್ತ’ ಪದ ಹೆಸರಿನಲ್ಲಿ ಬರುವುದಿಲ್ಲ, ಆದರೆ ಕೆಳಗಿನ ಸಾಲಿನಲ್ಲಿ ಮೊದಲ ಪದವೇ ಅದು. ತೋಮನ ಗೆಳತಿ ಅವರೇ, ನೀವು ಹೇಳಿದ್ದು ನಮ್ಮಲ್ಲಿ ಜಾಸ್ತಿ ಜನಕ್ಕೆ ನಾಟಿತು. ‘ಲಿಬರಲ್’ ಪೂರ್ತಿ ಕೈಬಿಟ್ಟೆವು. ಈಗ ಬರೆದಿರುವುದು ಹೀಗಿದೆ:

*ಬಾವಿಕಟ್ಟೆ. ಕ್ರೈಸ್ತರು, ಕ್ರೈಸ್ತರಾಗಿದ್ದವರು, ಆಗಬೇಕೋ ಬೇಡವೋ ಗೊತ್ತಿಲ್ಲದವರು ಸೇರಿ ಸುವಾರ್ತೆ ಓದುವ ಜಾಗ. ಪ್ರಶ್ನೆ ಕೇಳಬಹುದು, ಒಪ್ಪದೆ ಇರಬಹುದು, ಸುಮ್ಮನೆ ಕೂರಬಹುದು. ಗಂಡು, ಹೆಣ್ಣು, ಟ್ರಾನ್ಸ್‌ಜೆಂಡರ್, ಸಲಿಂಗಿ, ಮದುವೆಯಾದವರು, ಮುರಿದುಕೊಂಡವರು, ಯಾವ ಜಾತಿಯಿಂದ ಬಂದವರೇ ಆಗಲಿ, ಓದುವುದು, ಪ್ರಾರ್ಥನೆ ನಡೆಸುವುದು, ಗುಂಪು ನಡೆಸುವುದು ಎಲ್ಲರಿಗೂ ಒಂದೇ.*

‘ಸ್ವಾಗತ’ ತೆಗೆದಿದ್ದೇವೆ. ಏನಾದರೂ ಬಿಟ್ಟುಹೋಗಿದೆಯಾ ಹೇಳಿ.

ಮಾರ್ಥಾ:

‘ಓದುವುದು’ ಆದ ಮೇಲೆ ‘ಹಾಡುವುದು’ ಅಂತ ಒಂದು ಪದ ಸೇರಿಸುತ್ತೀರಾ?

ಹನ್ನೊಂದನೇ ಗಂಟೆ:

ಸೇರಿಸಿದೆ ಅಕ್ಕ. ಅದು ಮೊದಲೇ ಇರಬೇಕಾಗಿತ್ತು.

ಮಾರ್ಥಾ:

ಮಗನಿಗೆ ತೋರಿಸಿದೆ. ಎರಡು ಸಲ ಓದಿದ. ಏನೂ ಹೇಳಲಿಲ್ಲ, ಆದರೆ ಎಷ್ಟು ಗಂಟೆಗೆ ಶುರುವಾಗುತ್ತದೆ ಅಂತ ಕೇಳಿದ.

ಹನ್ನೊಂದನೇ ಗಂಟೆ:

ಭಾನುವಾರ ರಾತ್ರಿ ಎಂಟಕ್ಕೆ. ಲಿಂಕ್ ನಿಮಗೆ ಬೇರೆಯಾಗಿ ಕಳಿಸುತ್ತೇನೆ. ಕ್ಯಾಮೆರಾ ಹಾಕಲೇಬೇಕು ಅಂತಿಲ್ಲ, ಹೆಸರೂ ಹೇಳಬೇಕಾಗಿಲ್ಲ.